ಮುಗಿಯದ ಆವರ್ತ

1941ರ ಜನವರಿ 15. ಗೋರ್ಲಿಟ್ಸ್ ಬಳಿ ಜರ್ಮನರ ಯುದ್ಧಕೈದಿಗಳ ಶಿಬಿರ, ಕೊರೆಯುವ ಚಳಿ. ನಾಲ್ವರು ಕೈದಿಗಳು ಪಿಯಾನೊ, ಪಿಟೀಲು, ಚೆಲ್ಲೊ, ಕ್ಲಾರಿನೆಟ್ ನುಡಿಸಲು ಕೂತರು. ಪಿಯಾನೊ ಮುಂದಿದ್ದವನು 32ರ ಹರೆಯದ ಒಲಿವಿಯೆ ಮೆಸಿಯಾನ್. ಕೃತಿಯೂ ಅವನದೇ, ಹೆಸರು 'ಕಾಲದ ಅಂತ್ಯಕ್ಕಾಗಿ'. ಕೇಳುಗರು ಐದು ಸಾವಿರ ಎಂದು ಮುಂದೆ ಹೇಳಿಕೊಂಡ. ಇದ್ದದ್ದು ಕೆಲವೇ ನೂರು. ಚೆಲ್ಲೊಗೆ ಮೂರೇ ತಂತಿ ಎಂದ. ಅದನ್ನು ನುಡಿಸಿದ ಪಾಸ್ಕಿಯೆ ನಾಲ್ಕಿದ್ದವು ಎಂದ. ಎಣಿಕೆಯನ್ನೇ ಬಿಡಹೊರಟವನ ಲೆಕ್ಕ ತಪ್ಪಿದರೆ ನನಗೇನೂ ಬೇಸರವಿಲ್ಲ.

ಕಾಲ ಮುಗಿಯುವುದೆಂದರೆ ಪ್ರಳಯವೆ? ಮೆಸಿಯಾನ್ ಭಕ್ತ ಕ್ಯಾಥೊಲಿಕ್, ಪ್ರಳಯದ ಪುಟಗಳನ್ನು ಓದಿದವನೇ. ಆದರೆ ದಿನ ಎಣಿಸುವುದೇ ಬದುಕಾದ ಕೈದಿಗೆ ಅಂತ್ಯವೆಂದರೆ ಎಣಿಕೆ ನಿಲ್ಲುವುದೂ ಹೌದು. ಅವನಿಗೆ ಪ್ರಿಯವಾದ ಕೆಲವು ಲಯಗಳು ನಮ್ಮ 'ವಿಕಟಕವಿ'ಯಂತೆ: ಎತ್ತ ಕಡೆಯಿಂದ ಓದಿದರೂ ಒಂದೇ. ಅಲ್ಲಿ ಹಿಂದು ಯಾವುದು, ಮುಂದು ಯಾವುದು?

ಫ್ರೆಂಚ್ ಸಂಗೀತಕೋಶವೊಂದರಲ್ಲಿ ದೇವಗಿರಿಯ ಶಾರ್ಙ್ಗದೇವ ಕೊಟ್ಟ 120 ದೇಶೀ ತಾಳಗಳ ಪಟ್ಟಿ ಅವನಿಗೆ ಸಿಕ್ಕಿತ್ತು. ಗುರುಮುಖವಿಲ್ಲ, ಬರೀ ಕಾಗದ. ನಮ್ಮಲ್ಲೇ ಬಹುಪಾಲು ಬಳಕೆ ತಪ್ಪಿದ ಆ ತಾಳಗಳಲ್ಲಿ ಮೂರನ್ನು ಪೋಣಿಸಿ, ಈ ಕೃತಿಯ ಮೊದಲ ಭಾಗದಲ್ಲಿ ಪಿಯಾನೊಗೆ 17 ಕಾಲಮಾನಗಳ ಆವರ್ತ ಕಟ್ಟಿದ. ಅದರ ಮೇಲೆ ಸುತ್ತುವ ಸ್ವರಮೇಳಗಳು 29. ಎರಡೂ ಅವಿಭಾಜ್ಯ ಸಂಖ್ಯೆಗಳು. ಒಟ್ಟಿಗೆ ಹೊರಟವು ಮತ್ತೆ ಒಟ್ಟಿಗೆ ಹೊರಡಬೇಕಾದರೆ 493 ಸ್ವರಮೇಳ ದಾಟಬೇಕು.

ಶಿಬಿರದಿಂದ ಬಂದ ವರ್ಷವೇ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಮೇಷ್ಟ್ರಾದ, 1978ರವರೆಗೆ ಕಲಿಸಿದ. ಮುಂದೆ ಸಂಗೀತ ರಚನಕಾರರಾದ ಬುಲೆಜ್, ಸ್ಟಾಕ್‌ಹೌಸನ್, ಕ್ಸೆನಾಕಿಸ್ ಅವನ ತರಗತಿಯಲ್ಲಿ ಕೂತವರು. ಯಾರೂ ಅವನಂತೆ ಬರೆಯಲಿಲ್ಲ. ಬುಲೆಜ್ ಅಂತೂ ಗುರುವಿನ 'ತುರಂಗಲೀಲಾ' ಕೃತಿಯನ್ನು ಕೆಟ್ಟದಾಗಿ ಜರೆದ. ಮೂವತ್ತರ ಹತ್ತಿರ ಬಂದಿದ್ದ ಗ್ರೀಕ್ ಕ್ಸೆನಾಕಿಸ್ ಹಾರ್ಮನಿಯ ಪಾಠ ಮೊದಲಿನಿಂದ ಕಲಿಯಲೇ ಎಂದು ಕೇಳಿದಾಗ, ಮೆಸಿಯಾನ್ ಬೇಡವೆಂದ: ನಿನಗೆ ಗಣಿತ ಗೊತ್ತು, ವಾಸ್ತುಶಿಲ್ಪ ಗೊತ್ತು, ಅದರಿಂದಲೇ ಸಂಗೀತ ಮಾಡು. ತನ್ನ ಸಮಕ್ಕೆ ಶಿಷ್ಯನನ್ನು ಎಳೆದು ತರುವ ಆಸೆ ಎಂಥ ಗುರುವಿಗೂ ಸಹಜ. ಹದಿನೇಳು ಇಪ್ಪತ್ತೊಂಬತ್ತನ್ನು ಹಾಗೆ ಎಳೆಯುವುದಿಲ್ಲ.

ಆ ಮೊದಲ ಭಾಗ ಮೂರು ನಿಮಿಷದ ಆಸುಪಾಸಿನದು. ಕ್ಲಾರಿನೆಟ್ಟೂ ಪಿಟೀಲೂ ಅದರಲ್ಲಿ ಬೆಳಗಿನ ಹಕ್ಕಿಗಳು. ಪಿಯಾನೊದ ಲೆಕ್ಕ ಅವಕ್ಕೆ ಬೇಕಿಲ್ಲ. ನಾದ ನಿಂತಾಗ 493 ಇನ್ನೂ ಎಷ್ಟೋ ದೂರದಲ್ಲಿರುತ್ತದೆ.