ಗೋಡೆ ಮೇಲಿನ ಹೆಸರು

ಪಟ್ಟಿ ಅಂಟಿಸಿ ಅಂತ ಕೂಗಿದವರು ನಾವೇ.

2020ರ ಮೇ ತಿಂಗಳಲ್ಲಿ ಸರ್ಕಾರ ಮುಸುಕಿನ ಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಘೋಷಿಸಿತು. ರಾಜ್ಯಕ್ಕೆಲ್ಲ 10 ಲಕ್ಷ ರೈತರು, 500 ಕೋಟಿ. ನಮ್ಮ ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬಿಟ್ಟರೆ ಜೋಳವೇ. ಕೊರೋನಾ ಕಾಲದಲ್ಲಿ ಅದನ್ನು ಕೇಳುವವರಿರಲಿಲ್ಲ. ಯಾರಿಗೆ ಬಂತು, ಯಾರಿಗಿಲ್ಲ, ಹೆಸರು ಬರೆದು ಗೋಡೆಗೆ ಅಂಟಿಸಿ ಅಂತ ನಾಲ್ಕೈದು ಹುಡುಗರು ಪಂಚಾಯ್ತಿ ಮುಂದೆ ಕೂತೆವು. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಮು, ಸಹಾಯಧನ ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುತ್ತದೆ. ಡಿಗ್ರಿ ಓದಿದ್ದಕ್ಕೆ ಅಷ್ಟಾದರೂ ಬಾಯಿಗೆ ಬಂತು.

ಅಂಟಿಸಿದರು. ದುಡ್ಡು ಖಾತೆಗೆ ಬಿದ್ದ ವಾರವೇ ನಮ್ಮ ಕೇರಿಯ ದೊಡ್ಡವ್ವನ ಬಾಗಿಲಿಗೆ ಸಾಲ ಕೊಟ್ಟವನು ಬಂದು ನಿಂತ. ಅವಳ ಹೆಸರಲ್ಲಿ ಎಕರೆ ದರಖಾಸ್ತು ಜಮೀನಿದೆ. "ದುಡ್ಡು ಬಂದದಂತಲ್ಲವ್ವೋ, ಗೋಡೆ ಮ್ಯಾಲೆ ನೋಡ್ದೆ" ಅಂದ. ಐದು ಸಾವಿರವೂ ಬಡ್ಡಿಗೇ ಹೋಯಿತು. ಸಾಯಂಕಾಲ ಅವಳು ನಮ್ಮ ಮುಂದೆ ಕೂತು, "ನನ್ನ ಹೆಸ್ರ ಯಾಕ್ರಪ್ಪ ಊರ್ಗೆಲ್ಲ ತೋರ್ಸುದ್ರಿ?" ಅಂದಳು.

ಗೆಳೆಯರೇ, ನಮಗೆ ಉತ್ತರ ಹೊರಡಲಿಲ್ಲ.

ಈ ದೇಶದಲ್ಲಿ ಬಡವನ ಹೆಸರು ಎಂದೂ ಗೋಡೆಯ ಮೇಲೇ. 2017ರಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ 'ನಾನು ಬಡವ, ರೇಷನ್ ಪಡೆಯುತ್ತೇನೆ' ಅಂತ ಜನರ ಮನೆ ಗೋಡೆಗೇ ಬಣ್ಣದಲ್ಲಿ ಬರೆದರು. ಅದೇ ಬ್ಯಾಂಕುಗಳಿಗೆ ಬಾಕಿ ಉಳಿಸಿಕೊಂಡ ದೊಡ್ಡವರ ಹೆಸರು ಕೇಳಿದರೆ, ಅದು ವಿಶ್ವಾಸದ ಗುಟ್ಟು ಅಂತ ರಿಸರ್ವ್ ಬ್ಯಾಂಕು ವಾದಿಸಿತು. ಆ ವಾದ ನಿಲ್ಲುವುದಿಲ್ಲ ಅಂತ 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹಾಗಾದರೆ ಪಟ್ಟಿ ಹರಿದುಹಾಕೋಣವೇ? ಹರಿಯಲು ನಮಗೆ ಕೈ ಬರುವುದಿಲ್ಲ. ಯಾಕೆಂದರೆ ಅದೇ ಗೋಡೆಯ ಮೇಲೆ ಮೈಸೂರಿನಲ್ಲಿ ಮನೆ ಕಟ್ಟಿಕೊಂಡು ಊರನ್ನೇ ಮರೆತ ಜಮೀನಿನವರೊಬ್ಬರ ಹೆಸರಿತ್ತು. ಅವರ ಹೊಲದಲ್ಲಿ ವಾರಕ್ಕೆ ಜೋಳ ಹಾಕಿದ ನಮ್ಮ ಚಿಕ್ಕಪ್ಪನ ಹೆಸರಿರಲಿಲ್ಲ. ಹುಣಸೂರು ಸೀಮೆಯವರೇ ಆದ ದೇವರಾಜ ಅರಸರು 1974ರಲ್ಲಿ ಗೇಣಿಯನ್ನು ರದ್ದು ಮಾಡಿದರು. ದೊಡ್ಡ ಕೆಲಸ, ಅದರಿಂದ ಉಂಡವರಿದ್ದಾರೆ. ಆದರೆ ಕಾಗದದಿಂದ ಹೋದ ಗೇಣಿ ಹೊಲದಿಂದ ಪೂರ್ತಿ ಹೋಗಲಿಲ್ಲ. ಬಾಯಿಮಾತಿನ ವಾರವಾಗಿ ಉಳಿಯಿತು. ಕಾನೂನಿನ ಕಣ್ಣಿಗೆ ವಾರದವನು ಇಲ್ಲವೇ ಇಲ್ಲ. ಇಲ್ಲದವನಿಗೆ ಪರಿಹಾರ ಎಲ್ಲಿಂದ ಬಂದೀತು? ಬಗರ್ ಹುಕುಂ ಜಮೀನು ಉಳುವವರ ಪಾಡೂ ಇದೇ. ಪರಿಹಾರ ಬೆವರು ನೋಡುವುದಿಲ್ಲ, ಪಹಣಿ ನೋಡುತ್ತದೆ. ಪಟ್ಟಿ ಮುಚ್ಚಿಟ್ಟಿದ್ದರೆ ಈ ಮೋಸ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಬಿದ್ದು ಏನಾಯಿತು ಅನ್ನಿ. ಮೈಸೂರಿನವರ ಬಾಗಿಲಿಗೆ ಯಾರೂ ಹೋಗಿ ನಿಲ್ಲಲಿಲ್ಲ. ಗೋಡೆ ಒಂದೇ, ಅಕ್ಷರದ ಗಾತ್ರವೂ ಒಂದೇ. ಒಬ್ಬರಿಗೆ ಅದು ಬರೀ ಹೆಸರು, ಇನ್ನೊಬ್ಬಳಿಗೆ ಜಪ್ತಿಯ ಓಲೆ. ಹೆಸರು ಬರೆಸುವಾಗ ಅದನ್ನು ಯಾರು ಓದುತ್ತಾರೆ, ಓದಿ ಎತ್ತ ಹೊರಡುತ್ತಾರೆ ಅಂತ ನಾವು ಯೋಚಿಸಿರಲಿಲ್ಲ. ಓದು ಬಂದವರ ಅಹಂಕಾರವೂ ಅದರಲ್ಲಿ ಇತ್ತೇನೋ.

ಇದನ್ನೆಲ್ಲ ದೊಡ್ಡವ್ವನಿಗೆ ವಿವರಿಸಿದೆವು. ಕೇಳಿಸಿಕೊಂಡಳು. "ಸರಿ ಕಣ್ರಪ್ಪ, ಹಂಗಾರೆ ಸಾಲ ಕೊಟ್ಟೋನ್ ಹೆಸ್ರನ್ನೂ, ಬಡ್ಡಿ ಎಷ್ಟು ಈಸ್ಕೊಂಡ ಅಂತ್ಲೂ ಬರ್ದು ಅದ್ರ ಪಕ್ಕದಲ್ಲೇ ಅಂಟ್ಸಿ" ಅಂದಳು.

ಆ ಪಟ್ಟಿಯನ್ನು ನಾವಿನ್ನೂ ಬರೆದಿಲ್ಲ. ನಮ್ಮಲ್ಲಿ ಮೂವರ ಮನೆಯವರು ಅವನಿಗೇ ಬಾಕಿ.