ದ್ಯೂತತ್ಯಾಗ ಮತ್ತು ಸ್ಥಿತೀಕರಣ

ಆಶ್ವಯುಜ ಬಹುಳ ಚತುರ್ದಶಿಯ ರಾತ್ರಿ ಕಳೆದು ಅಮಾವಾಸ್ಯೆಯ ಬೆಳಕು ಹರಿಯುವ ಹೊತ್ತಿಗೆ ಭಗವಾನ್ ಮಹಾವೀರ ಸ್ವಾಮಿಗಳು ಪಾವಾಪುರಿಯಲ್ಲಿ ನಿರ್ವಾಣವನ್ನೈದಿದರು. ಅದೇ ದಿನ ಗೌತಮ ಗಣಧರರಿಗೆ ಕೇವಲಜ್ಞಾನ ಉದಯಿಸಿತು. ಶ್ರಾವಕರು ದೀಪ ಹಚ್ಚುವುದು ಆ ಜ್ಞಾನಜ್ಯೋತಿಯ ಸ್ಮರಣೆಗಾಗಿ. ಆದರೆ ಅದೇ ದೀಪದ ಬೆಳಕಿನಲ್ಲಿ ಇಸ್ಪೀಟಿನ ಎಲೆಗಳನ್ನು ಹರಡಿ, “ಹಬ್ಬದ ಆಟವಲ್ಲವೇ” ಎಂದು ಹಣವನ್ನು ಪಣವೊಡ್ಡುವ ರೂಢಿ ಕೆಲವು ಮನೆಗಳಲ್ಲಿ ಕಂಡುಬರುತ್ತದೆ. ಬೆಳಿಗ್ಗೆ ಬಸದಿಯಲ್ಲಿ ನಿರ್ವಾಣಪೂಜೆ, ರಾತ್ರಿ ಚಾವಡಿಯಲ್ಲಿ ದ್ಯೂತ! ಇವೆರಡೂ ಒಂದೇ ಹಬ್ಬದ ಎರಡು ಮುಖಗಳಾಗಲಾರವು.

ಸಪ್ತವ್ಯಸನಗಳಲ್ಲಿ ಆಚಾರ್ಯರು ದ್ಯೂತವನ್ನು ಮೊದಲಿಗೆ ಎಣಿಸಿದ್ದಾರೆ. ಇದಕ್ಕೆ ಕಾರಣವಿದೆ. ಜೂಜಿನಲ್ಲಿ ಗೆದ್ದವನು ಇನ್ನಷ್ಟು ಬೇಕೆಂದು ಲೋಭಕ್ಕೊಳಗಾಗುತ್ತಾನೆ. ಸೋತವನು ಕ್ರೋಧದಿಂದ ಕುದಿಯುತ್ತಾನೆ. ಸೋಲನ್ನು ಮನೆಯವರಿಂದ ಮುಚ್ಚಿಡಲು ಮಾಯೆಯನ್ನು ಆಶ್ರಯಿಸುತ್ತಾನೆ. ತನ್ನ ಚಾತುರ್ಯವೇ ಮೇಲೆಂಬ ಮಾನವಂತೂ ಮೊದಲಿನಿಂದಲೇ ಇರುತ್ತದೆ. ನಾಲ್ಕು ಕಷಾಯಗಳೂ ಒಂದೇ ಕಡೆ ಹೀಗೆ ನೆರೆದಿರುವಾಗ ಸುಳ್ಳು, ಕಳವುಗಳು ಹಿಂಬಾಲಿಸುವುದು ಆಶ್ಚರ್ಯವಲ್ಲ. ಕಣ್ಣಿಲ್ಲದವನು ಉಳಿದ ಇಂದ್ರಿಯಗಳಿಂದಾದರೂ ವಸ್ತುವನ್ನು ಅರಿಯಬಲ್ಲನು, ದ್ಯೂತಾಂಧನಾದರೋ ಎಲ್ಲ ಇಂದ್ರಿಯಗಳಿದ್ದೂ ಏನನ್ನೂ ಅರಿಯನು ಎಂಬ ಭಾವವನ್ನು ವಸುನಂದಿ ಆಚಾರ್ಯರು ತಮ್ಮ ಶ್ರಾವಕಾಚಾರದಲ್ಲಿ ವ್ಯಕ್ತಪಡಿಸಿದ್ದಾರೆ. ಧರ್ಮಜ್ಞನೆನಿಸಿದ ಯುಧಿಷ್ಠಿರನೇ ಈ ಆಟದಿಂದ ರಾಜ್ಯವನ್ನು ಕಳೆದುಕೊಂಡು ವನವಾಸಕ್ಕೆ ತೆರಳಿದನೆಂದ ಮೇಲೆ ಸಾಮಾನ್ಯ ಗೃಹಸ್ಥನ ಪಾಡೇನು?

“ಮಿತಿಯಲ್ಲಿ ಆಡಿದರೆ ದೋಷವೇನು?” ಎಂದು ಕೇಳುವವರುಂಟು. ಪರಿಗ್ರಹಕ್ಕೆ ಪರಿಮಾಣವಿರುವಂತೆ ಜೂಜಿಗೂ ಒಂದು ಪರಿಮಾಣ ಸಾಕೆಂಬುದು ಅವರ ವಾದ. ಆದರೆ ಗೃಹಸ್ಥನಿಗೆ ಮನೆ, ಧಾನ್ಯ, ವಸ್ತ್ರಗಳು ಅವಶ್ಯಕವಾದುದರಿಂದ ಅವುಗಳಿಗೆ ಪರಿಮಾಣ ಹೇಳಲಾಯಿತು. ಜೂಜು ಯಾರ ಅವಶ್ಯಕತೆಯೂ ಅಲ್ಲ. ಪಣವನ್ನು ತ್ಯಜಿಸಿದವನು ಕೇವಲ ವಿನೋದಕ್ಕಾಗಿ ಪಂಥ ಕಟ್ಟಿದರೂ ಅದು ದೋಷವೇ, ಏಕೆಂದರೆ ಅದರಿಂದ ಹರ್ಷಾಮರ್ಷಗಳು ಹುಟ್ಟುತ್ತವೆ ಎಂದು ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ತಿಳಿಸಿದ್ದಾರೆ. ಇನ್ನೂ ವ್ರತಕ್ಕೆ ಬಾರದವನು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲಿ. ಇಷ್ಟೇ ಹಣ, ಇಷ್ಟೇ ಹೊತ್ತು ಎಂದು ನಿಶ್ಚಯಿಸಿದವನು ಆ ಗೆರೆಯಲ್ಲಿ ನಿಲ್ಲಬಲ್ಲನೇ? ಸೋತ ಹಣವನ್ನು ಮರಳಿ ಪಡೆಯಲೆಂದೇ ಮತ್ತೆ ಕುಳಿತುಕೊಳ್ಳುತ್ತಾನೆಯೇ? ಗೆರೆಯನ್ನು ಮತ್ತೆ ಮತ್ತೆ ದಾಟಿದವನು ಆಟವಾಡುತ್ತಿಲ್ಲ. ಆಟವೇ ಅವನನ್ನು ಆಡಿಸುತ್ತಿದೆ.

ಉಪವಾಸದ ದಿನವಂತೂ ಇನ್ನೂ ಎಚ್ಚರ ಬೇಕು. ಅಷ್ಟಮಿ, ಚತುರ್ದಶಿಗಳಂದು ಆಹಾರವನ್ನು ತ್ಯಜಿಸಿ, ಹೊತ್ತು ಹೋಗದೆಂದು ಎಲೆಗಳನ್ನು ಕಲಸುವವನು ಅಥವಾ ಕೈಯ ಮೊಬೈಲಿನಲ್ಲಿ ಹಣದ ರಮ್ಮಿ ಆಡುವವನು ಹೊಟ್ಟೆಯನ್ನು ಮಾತ್ರ ಬರಿದು ಮಾಡಿದನೇ ಹೊರತು ಕಷಾಯವನ್ನಲ್ಲ. ಪ್ರೋಷಧೋಪವಾಸವೆಂದರೆ ಆರಂಭಗಳನ್ನು ತೊರೆದು ಸ್ವಾಧ್ಯಾಯ, ಧ್ಯಾನಗಳಲ್ಲಿ ಇರುವುದು. ಆಹಾರವನ್ನು ಬಿಟ್ಟು ಆಸೆಯನ್ನು ಉಣಿಸಿದರೆ ಅದು ಲಂಘನವಾದೀತು, ವ್ರತವಾಗದು.

ಹಿಂದೆ ಜೂಜಿಗೆ ಒಂದು ಅಡ್ಡೆ ಬೇಕಿತ್ತು. ಅಲ್ಲಿಗೆ ಹೋಗುವವನು ನಾಲ್ವರ ಕಣ್ಣಿಗೆ ಬೀಳುತ್ತಿದ್ದನು. ಈಗ ಅಡ್ಡೆಯು ಅಂಗೈಯಲ್ಲಿಯೇ ಇದೆ. ಕರ್ನಾಟಕ ಸರ್ಕಾರವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಕಾನೂನು ಅಂಗಡಿಯನ್ನು ಮುಚ್ಚಿಸಬಲ್ಲುದು. ಮನಸ್ಸಿನ ಬಾಗಿಲನ್ನು ಮುಚ್ಚುವುದು ವ್ರತದ ಕೆಲಸ.

ಇನ್ನು, ಈಗಾಗಲೇ ಬಿದ್ದವನ ಗತಿಯೇನು? ಒಬ್ಬ ಗೃಹಸ್ಥನ ಮಗನು ಗುಟ್ಟಾಗಿ ಕೈಸಾಲ ಮಾಡಿ, ತಾಯಿಯ ಬಳೆಗಳನ್ನು ಒತ್ತೆಯಿಟ್ಟಿದ್ದಾನೆಂದು ತಿಳಿದುಬಂದಿತೆನ್ನಿ. ತಂದೆಯು ಮರ್ಯಾದೆಗಂಜಿ ಸಾಲವನ್ನು ತೀರಿಸಿ ಸುಮ್ಮನಾಗುತ್ತಾನೆ. ಕೆಲವೇ ತಿಂಗಳಲ್ಲಿ ಸಾಲ ಮತ್ತೆ ಬೆಳೆಯುತ್ತದೆ. ಇದನ್ನು ಉಪಗೂಹನವೆಂದು ಭ್ರಮಿಸಬಾರದು. ಪರರ ದೋಷವನ್ನು ಬೀದಿಯಲ್ಲಿ ಸಾರದಿರುವುದು ಉಪಗೂಹನ. ಹುಣ್ಣನ್ನು ಬಟ್ಟೆಯಿಂದ ಮುಚ್ಚಿ ಕೊಳೆಯಲು ಬಿಡುವುದು ಅಲ್ಲ. ಸಮ್ಯಗ್ದರ್ಶನದ ಅಂಗಗಳಲ್ಲಿ ಅದರ ಮುಂದಿನದೇ ಸ್ಥಿತೀಕರಣ. ಮುನಿಯಾದ ಮೇಲೂ ಮನೆಯ ಹಂಬಲದಿಂದ ಚಂಚಲನಾಗಿದ್ದ ಪುಷ್ಪಡಾಲನನ್ನು ವಾರಿಷೇಣ ಮುನಿಯು ನಿಂದಿಸಲಿಲ್ಲ, ತೊರೆಯಲಿಲ್ಲ; ಜೊತೆಗೆ ಕರೆದೊಯ್ದು, ತಾನು ತ್ಯಜಿಸಿದ ವೈಭವವನ್ನು ತೋರಿಸಿ, ಅವನನ್ನು ಧರ್ಮದಲ್ಲಿ ಮರಳಿ ನಿಲ್ಲಿಸಿದನು. ಜೂಜಿಗೆ ಸಿಲುಕಿದವನಿಗೂ ಬೇಕಾದುದು ಇಂತಹ ಜೊತೆಯೇ.

ಮೊದಲು ಆಲೋಚನೆ: ಸಾಲವೆಲ್ಲವನ್ನೂ ಒಂದೂ ಬಿಡದೆ ಗುರುಗಳ ಮುಂದೆ ಅಥವಾ ಮನೆಯ ಹಿರಿಯರ ಮುಂದೆ ಹೇಳಿಕೊಳ್ಳುವುದು. ಬಳಿಕ ಪ್ರತ್ಯಾಖ್ಯಾನ: ಹಣದ ವ್ಯವಹಾರವನ್ನು ಕೆಲಕಾಲ ಮನೆಯವರ ಕೈಗೊಪ್ಪಿಸುವುದು, ಮೊಬೈಲಿನಿಂದ ಆ ಆಟಗಳನ್ನು ತೆಗೆದುಹಾಕುವುದು, ಆಟದ ಸಂಗಡಿಗರನ್ನು ಬಿಡುವುದು. ಇಷ್ಟರಿಂದಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಜೂಜಿನ ವ್ಯಸನವೂ ಸೇರಿದೆ. ಆಪ್ತಸಮಾಲೋಚನೆಯಿಂದ ಅದಕ್ಕೆ ಚಿಕಿತ್ಸೆಯುಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾಲದ ನಾಚಿಕೆಯಿಂದ ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆ ಯಾರಿಗಾದರೂ ಸುಳಿದರೆ ಒಂದು ಗಳಿಗೆಯೂ ಅವರನ್ನು ಒಂಟಿಯಾಗಿ ಬಿಡದೆ ನೆರವಿಗೆ ಧಾವಿಸಬೇಕು. ಹಣ ಹೋದರೆ ಮತ್ತೆ ದುಡಿಯಬಹುದು. ದುರ್ಲಭವಾದ ಮನುಷ್ಯಜನ್ಮವನ್ನು ಪಣವಾಗಿ ಒಡ್ಡಬಾರದು.

ಔಷಧದಿಂದ ರೋಗ ಶಮನವಾದ ಮೇಲೆ ಪಥ್ಯ ಬೇಕು. ವ್ಯಸನಕ್ಕೆ ವ್ರತವೇ ಪಥ್ಯ. ಯಾವಜ್ಜೀವ ತ್ಯಾಗ ಕಠಿಣವೆನಿಸಿದವನು ಒಂದು ಚಾತುರ್ಮಾಸದ ಮಟ್ಟಿಗಾದರೂ ನಿಯಮ ಹಿಡಿಯಲಿ. ನಡುವೆ ಎಡವಿದರೆ ಪ್ರಾಯಶ್ಚಿತ್ತ ಪಡೆದು ಮತ್ತೆ ಏಳಲಿ. ಮುಂದಿನ ನಿರ್ವಾಣೋತ್ಸವದ ರಾತ್ರಿ ಆ ಮನೆಯ ದೀಪದ ಬೆಳಕಿನಲ್ಲಿ ಎಲೆಗಳ ಬದಲು ಶಾಸ್ತ್ರ ತೆರೆದುಕೊಂಡಿರಲಿ. ಎಲ್ಲ ಭವ್ಯಜೀವರಿಗೂ ಮಂಗಳವಾಗಲಿ.