ಸಂಶಯದ ಲಾಭ ಯಾರಿಗೆ?

ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಒಂದು ಗುರುತು ಇರುತ್ತದೆ. ಅದರ ಕೆಳ ಅರ್ಧಕ್ಕೆ ಕೆಂಪು, ಹಳದಿ, ನೀಲಿ ಇಲ್ಲವೇ ಹಸಿರು ಬಣ್ಣ. ಯಾವ ಬಣ್ಣ ಎಂಬುದನ್ನು ನಿರ್ಧರಿಸುವುದು ಇಲಿಗಳ ಸಾವು. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕೆಂದು ನೋಡುತ್ತಾರೆ. ಬಾಯಿಯ ಮೂಲಕ ಕೊಟ್ಟಾಗ 50ರೊಳಗಿದ್ದರೆ ಕೆಂಪು, 5,000 ದಾಟಿದರೆ ಹಸಿರು. ಕುಡಿದವನು ಉಳಿಯುತ್ತಾನೋ ಇಲ್ಲವೋ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಇಪ್ಪತ್ತು ವರ್ಷ ಅದರ ಗಾಳಿ ಉಸಿರಾಡಿದವರ ಮಕ್ಕಳಿಗೆ ಏನಾದೀತು ಎಂಬುದಕ್ಕೆ ಇಲ್ಲ.

ದೀರ್ಘಕಾಲದ ಪರೀಕ್ಷೆಗಳೂ ಇವೆ ಅನ್ನಿ. ಪ್ರಾಣಿಗಳಲ್ಲಿ ತೊಂದರೆ ಕಾಣಿಸದ ಪ್ರಮಾಣವನ್ನು ಹುಡುಕಿ, ಅದನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸುತ್ತಾರೆ. ಇಲಿಗೂ ಮನುಷ್ಯನಿಗೂ ಇರುವ ಅಂತರಕ್ಕೆ ಒಂದು ಹತ್ತು, ಮನುಷ್ಯ ಮನುಷ್ಯರ ನಡುವಿನ ಅಂತರಕ್ಕೆ ಇನ್ನೊಂದು ಹತ್ತು. ತಿಳಿಯದ ಸಂಗತಿಗೆಂದು ಲೆಕ್ಕದಲ್ಲೇ ಬಿಟ್ಟ ಜಾಗವದು. ವಿಷಶಾಸ್ತ್ರದ ಮೇಲೆ ನನಗೆ ಗೌರವ ಹುಟ್ಟಿಸಿದ್ದು ಈ ವಿನಯ. ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ಅದು ಒಪ್ಪುತ್ತದೆ; ಯಾರಿಗೆ ಎಷ್ಟು ಅತಿ ಎಂದೂ ಕೇಳಿಕೊಳ್ಳುತ್ತದೆ.

ಪ್ರಯೋಗಾಲಯದ ಈ ವಿನಯ ಹೊಲ-ತೋಟಕ್ಕೆ ಇಳಿಯುವಷ್ಟರಲ್ಲಿ ಕಾಣೆಯಾಗುತ್ತದೆ. ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ಗುಡ್ಡದ ಮೇಲೆ ಗೇರುತೋಟ, ಕೆಳಗೆ ಮನೆಗಳು, ಬಾವಿಗಳು. ಗೇರಿಗೆ ಬರುವ ಚಹಾ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಕಡೆಯೂ ಇದೇ ಕಥೆ. ಪಡ್ರೆಯಲ್ಲಿ ಕರುಗಳು ವಿಕಲಾಂಗವಾಗಿ ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀ ಪಡ್ರೆ ಎಂಬತ್ತರ ದಶಕದ ಆರಂಭದಲ್ಲೇ ಬರೆದರು. ಒಂದೇ ಊರಿನಲ್ಲಿ ಇಷ್ಟೊಂದು ವಿಚಿತ್ರ ಕಾಯಿಲೆಗಳು ಏಕೆ ಎಂದು ಅಲ್ಲೇ ವಾಣಿನಗರದ ವೈದ್ಯ ಮೋಹನ ಕುಮಾರ್ ಕೇಳಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ 117 ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿದರು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಅವರ ವರದಿ 2003ರಲ್ಲಿ ಪ್ರಕಟವಾಯಿತು. ಬೇರೊಂದು ಸಮಿತಿ ಈ ಕಾಯಿಲೆಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ.

ಸಾಬೀತಾಗಿಲ್ಲ ಎಂಬುದು ನ್ಯಾಯಾಲಯದ ಭಾಷೆ. ಅಲ್ಲಿ ಸಂಶಯದ ಲಾಭ ಆರೋಪಿಗೆ. ನಿರಪರಾಧಿಯೊಬ್ಬ ಜೈಲಿಗೆ ಹೋಗಬಾರದಲ್ಲ. ಆದರೆ ರಾಸಾಯನಿಕಕ್ಕೆ ಮಾನವೂ ಇಲ್ಲ, ಹೆಂಡತಿ ಮಕ್ಕಳೂ ಇಲ್ಲ. ಆ ಲಾಭವನ್ನು ಅದಕ್ಕೆ ಕೊಟ್ಟರೆ, ನಷ್ಟ ಬರೆಯುವುದು ಬಾವಿಯ ನೀರು ಕುಡಿದವರ ಲೆಕ್ಕಕ್ಕೆ. ತಪ್ಪು ಎರಡೂ ಕಡೆ ಆಗಬಹುದು, ನಿಜ. ನಿರಪಾಯಕಾರಿ ಔಷಧಿಯನ್ನು ನಿಲ್ಲಿಸಿದರೆ ಗೇರು ಫಸಲು ಕೈತಪ್ಪೀತು, ಬೆಳೆಗಾರ ಸೋತಾನು. ಆ ನಷ್ಟವನ್ನು ಹಣದಲ್ಲಿ ತುಂಬಿಕೊಡಬಹುದು; ಹುಟ್ಟುವಾಗಲೇ ಆದ ಊನವನ್ನು ಯಾವ ಪರಿಹಾರಧನವೂ ತುಂಬದು. ಹಾಗಾಗಿ ಗಂಭೀರ ಸಂಶಯ ಬಂದಾಗ ಮೊದಲು ಸಿಂಪಡಣೆ ನಿಲ್ಲಬೇಕು, ಪರೀಕ್ಷೆ ಆಮೇಲೆ ನಡೆಯಲಿ ಎನ್ನುವುದೇ ನನಗೆ ಸರಿ ಕಾಣುತ್ತದೆ.

ಇಲಿಗಳಿಗಿಂತ ಮೊದಲು ಪಡ್ರೆಯಲ್ಲಿ ಸುಳಿವು ಕೊಟ್ಟಿದ್ದು ಕರುಗಳು. ನಿಮ್ಮೂರಿನಲ್ಲೂ ಸಿಂಪಡಣೆಯಾದ ಮೇಲೆ ಜೇನ್ನೊಣ, ಮೀನು, ಜಾನುವಾರುಗಳಲ್ಲಿ ಏನಾದರೂ ವಿಚಿತ್ರ ಕಂಡರೆ ತಾರೀಕು, ಔಷಧಿಯ ಹೆಸರು ಸಹಿತ ಬರೆದಿಡಿ, ಹತ್ತಿರದ ವೈದ್ಯರಿಗೆ ತೋರಿಸಿ.